ಹಿಪ್ಪುನೇರಳೆ ತೋಟದ ವಿಮಾನ ಮತ್ತು ನನ್ನ ಬಲಗೈ

ನನ್ನ ಅಕ್ಕನ ಮಗಳು ಪೊಲೀಸ್ ತರಬೇತಿ ಮುಗಿಸಿ ಠಾಣೆಗೆ ಸೇರುವ ಮುನ್ನ ಮನೆಗೆ ಬಂದಿದ್ದಳು. ಮೂವತ್ತು ಚಿಲ್ಲರೆ ವರ್ಷ ಖಾಕಿ ಹಾಕಿದ್ದೀರಲ್ಲ ಮಾವ, ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಬರೆದುಕೊಡಿ ಎಂದಳು. ಬಡ್ತಿ, ಬಹುಮಾನ, ಮೇಲಧಿಕಾರಿಗಳು ಬೆನ್ನು ತಟ್ಟಿದ್ದು, ಇವೆಲ್ಲ ಅವಳಿಗೆ ಬೇಡ. ಬಡ್ತಿ ಬಂದ ದಿನ ನಮ್ಮ ಮನೆಯಲ್ಲಿ ಪಾಯಸ ಆಯಿತು, ಬಾರದ ವರ್ಷ ಆಗಲಿಲ್ಲ, ಅಷ್ಟೇ. ಅವಳಿಗೆ ನಾನು ಹೇಳಬೇಕಾದದ್ದು ಒಂದೇ ಮಾತು. ಅದನ್ನು ಹೇಳಲು ಒಂದು ವಿಮಾನ ಬಿದ್ದ ಕಥೆ ಹೇಳಬೇಕು, ಅದಕ್ಕೂ ಮೊದಲು ಒಂದು ಸ್ಕೂಟರಿನ ಕಥೆ, ಒಂದು ಗ್ಯಾಸ್ ಒಲೆಯ ಕಥೆ. ಠಾಣೆಯ ಹೆಸರು ಬರೆಯುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ನನ್ನನ್ನು ಜಿಲ್ಲೆಯೆಲ್ಲ ತಿರುಗಿಸಿದ್ದಾರೆ. ತಪ್ಪು ನನ್ನದು, ಯಾವ ಠಾಣೆಯದೂ ಅಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಪೆರೇಸಂದ್ರದ ಹತ್ತಿರ ಹೆದ್ದಾರಿಯಲ್ಲಿ ಒಂದು ಸ್ಕೂಟರ್ ಉರುಳಿತ್ತು. ಸವಾರನಿಗೆ ಕಾಲು ಮುರಿದಿತ್ತು, ಜೀವಕ್ಕೇನೂ ಅಪಾಯವಿರಲಿಲ್ಲ. ನಾನು ಹೊಸ ಕಾನ್‌ಸ್ಟೇಬಲ್, ಶಿಸ್ತೋ ಶಿಸ್ತು. ಜೇಬಿನಿಂದ ಪುಸ್ತಕ ತೆಗೆದು ಗಾಡಿಯ ನಂಬರು ಬರೆದುಕೊಳ್ಳುತ್ತ ನಿಂತೆ. ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ನೋಡಲು ನಿಂತವರಲ್ಲಿ ಯಾರೋ ಬೀಡಿ ಹಚ್ಚಿದರು. ಸವಾರನ ಎರಡೂ ಕೈ ಬೆಂದು ಹೋದವು.

ಸಂಜೆ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ವೆಂಕಟರಾಯಪ್ಪನವರು ನನ್ನ ಬಲಗೈಯನ್ನು ಮೇಜಿನ ಮೇಲೆ ಇರಿಸಿ, ಗೆಣ್ಣಿನ ಮೇಲೆ ಲಾಠಿಯಿಂದ ಒಂದು ಕೊಟ್ಟರು.

"ಮೊದ್ಲು ಪೆಟ್ರೋಲ್ ಕಾಕ್ ಮುಚ್ಚು. ಕೀ ತಿರುಗ್ಸು. ಆಮೇಲೆ ಮನುಷ್ಯನ್ನ ನೋಡು. ಬರಿಯೋದು ಎಲ್ಲಕ್ಕಿಂತ ಆಮೇಲೆ. ತಲೆ ಮರೀತದೆ ಕಣೋ, ಕೈಗೆ ಕಲ್ಸು."

ಕೈ ಕಲಿಯಿತು. ಆಮೇಲೆ ನಾನು ಹೋದ ಅಪಘಾತಗಳಿಗೆ ಲೆಕ್ಕವಿಲ್ಲ. ಪ್ರತಿ ಸಲವೂ ಕಾಕ್ ಮುಚ್ಚಿರುತ್ತಿತ್ತು, ಕೀ ತಿರುಗಿರುತ್ತಿತ್ತು. ಒಳ್ಳೆಯ ಅಭ್ಯಾಸವೆಂದು ನನ್ನ ಕೆಳಗಿನವರಿಗೂ ಬೈದು ಬೈದು ಕಲಿಸಿದೆ.

ಗೌರಿಬಿದನೂರಿನಲ್ಲಿದ್ದಾಗ ಒಂಟಿಯಾಗಿದ್ದ ಶಾರದಮ್ಮ ಎಂಬ ಮುದುಕಿ ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಉಸಿರುಕಟ್ಟಿ ಸತ್ತಿದ್ದರು. ಬೀದಿಗೆಲ್ಲ ವಾಸನೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮೊದಲು ಒಳಗೆ ಹೋದವನು ನಾನು. ಕಿಟಕಿ ತೆಗೆದೆವು, ಹೆಣ ಹೊರಗೆ ತಂದೆವು, ಆಮೇಲೆ ಮಹಜರು ಬರೆಯಲು ಕೂತೆ. ಮಹಜರು ಅಂದರೆ, ಪಂಚರೆಂದು ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು, ಘಟನೆ ನಡೆದ ಜಾಗದಲ್ಲಿ ಕಂಡದ್ದನ್ನು ಕಂಡಂತೆ ಬರೆಯುವ ಕಾಗದ. ಒಲೆಯ ಗುಂಡಿ ನೋಡಿದರೆ ಮುಚ್ಚಿತ್ತು. ಸಿಲಿಂಡರಿನದೂ ಮುಚ್ಚಿತ್ತು. ಕಂಡಂತೆ ಬರೆದೆ.

ಗುಂಡಿ ಮುಚ್ಚಿದ್ದ ಮೇಲೆ ಮನೆ ತುಂಬ ಗ್ಯಾಸ್ ಎಲ್ಲಿಂದ ಬಂತು? ಮುದುಕಿ ಸತ್ತ ಮೇಲೆ ಯಾರೋ ಬಂದು ಮುಚ್ಚಿ ಹೋಗಿರಬೇಕು. ಹಿತ್ತಿಲ ಬಾಗಿಲಿಗೆ ಚಿಲಕ ಇರಲಿಲ್ಲ. ಮಹಡಿ ಮೇಲಿನ ಕೋಣೆಯಲ್ಲಿ ಗೋಪಾಲ ಎಂಬ ಟೈಲರು ಬಾಡಿಗೆಗಿದ್ದ. ಅವನನ್ನು ಮೂರು ತಿಂಗಳು ಠಾಣೆಗೆ ಅಲೆಸಿದೆವು. ಏನೂ ಸಿಗಲಿಲ್ಲ. ಶಾರದಮ್ಮನೇ ಎದ್ದು ಬಂದು ಮುಚ್ಚಿದಳು ಎಂದು ಬೀದಿಯವರು ಮಾತಾಡಿಕೊಂಡರು, ಸಂಜೆಯಾದರೆ ಆ ಮನೆ ಮುಂದೆ ಯಾರೂ ಓಡಾಡುತ್ತಿರಲಿಲ್ಲ. ಗೋಪಾಲ ಹೊಲಿಗೆ ಮಿಷನ್ನು ಹೊತ್ತುಕೊಂಡು ಊರು ಬಿಟ್ಟ. ನನಗೆ ಬಿಡಿಸಲಾಗದ ಕೇಸು ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತಿದ್ದೆ. ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೆ.

ಕಾಲ ಬದಲಾಯಿತು. ಕಾರ್ಬನ್ ಕಾಗದ ಹೋಗಿ ಠಾಣೆಗೆ ಕಂಪ್ಯೂಟರ್ ಬಂತು. ಮಹಜರಿನ ಕೊನೆಯ ಸಾಲುಗಳನ್ನು ಯಾರೋ ಮೊದಲೇ ಟೈಪ್ ಮಾಡಿಟ್ಟಿದ್ದರು, ಹೆಸರು ತುಂಬಿದರೆ ಸಾಕು. ಅದರಲ್ಲಿ ಒಂದು ಸಾಲು, 'ಸ್ಥಳದಲ್ಲಿದ್ದ ವಸ್ತುಗಳನ್ನು ಯಾರೂ ಮುಟ್ಟಿರುವುದಿಲ್ಲ, ಎಲ್ಲವೂ ಯಥಾಸ್ಥಿತಿಯಲ್ಲಿರುತ್ತವೆ.' ನಿಜ ಹೇಳಬೇಕೆಂದರೆ ಕಂಪ್ಯೂಟರ್ ಬರುವ ಮೊದಲೂ ನನ್ನ ಪೆನ್ನು ಆ ಸಾಲನ್ನು ತಾನಾಗಿ ಬರೆಯುತ್ತಿತ್ತು. ನನ್ನ ಕೊನೆಯ ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನ್ನ ಮಗನಷ್ಟು, ಅವಸರದಲ್ಲಿ ನನ್ನ ಅಪ್ಪನಂಥವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಆ ಸಾಲು ಇದೆಯೋ ಇಲ್ಲವೋ ನೋಡಿ ಸಹಿ ಹಾಕುತ್ತಿದ್ದರು.

ನಿವೃತ್ತಿಗೆ ಐದು ತಿಂಗಳಿರುವಾಗ ವಿಮಾನ ಬಿತ್ತು.

ವಿಮಾನ ಹಾರಿಸಲು ಕಲಿಯುವವರ ಸಣ್ಣ ವಿಮಾನಗಳು ಆಗೀಗ ನಮ್ಮ ಕಡೆ ಮೇಲೆ ಸುತ್ತುತ್ತಿದ್ದವು. ಜನಕ್ಕೆ ರೂಢಿಯಾಗಿ ಯಾರೂ ತಲೆ ಎತ್ತುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಮಂಜು ಆಗತಾನೆ ಎದ್ದಿತ್ತು. ದಿಬ್ಬೂರಹಳ್ಳಿ ಕಡೆಯ ಒಂದು ಹಿಪ್ಪುನೇರಳೆ ತೋಟದಲ್ಲಿ ನಾರಾಯಣಮ್ಮ ಎಂಬ ರೈತ ಹೆಂಗಸು, ಇನ್ನಿಬ್ಬರು ಆಳುಗಳ ಜೊತೆ ರೇಷ್ಮೆ ಹುಳುವಿಗೆ ಸೊಪ್ಪು ಬಿಡಿಸುತ್ತಿದ್ದರು.

"ಮೊದ್ಲು ನೆಳ್ಳು ಬಂತು ಸಾರ್" ಎಂದರು ಆಕೆ. "ಸದ್ದೇ ಇಲ್ಲ. ಸೊಪ್ಪಿನ ಮೇಲೆ ನೆಳ್ಳು ಓಡ್ತು. ಹದ್ದು ಅಂದ್ಕೊಂಡ್ವಿ. ಇಷ್ಟು ದೊಡ್ಡ ಹದ್ದಾ ಅಂತ ನೋಡೋಷ್ಟರಲ್ಲಿ ಗಿಡ ಎಲ್ಲ ಮುರೀತು."

ನಾನು ಮತ್ತು ಒಬ್ಬ ಕಾನ್‌ಸ್ಟೇಬಲ್ ಜೀಪಿನಲ್ಲಿ ಹೋದಾಗ ತೋಟದಲ್ಲಿ ಜನವಿತ್ತು, ಮಾತಿರಲಿಲ್ಲ. ಬಿಳಿ ವಿಮಾನ, ಒಂದು ಕಾರಿಗಿಂತ ಸ್ವಲ್ಪ ದೊಡ್ಡದು. ಮೂತಿ ಕಾಲುವೆಯ ಮಣ್ಣಿನಲ್ಲಿ ಹೂತಿತ್ತು, ಒಂದು ರೆಕ್ಕೆ ಮಡಚಿಕೊಂಡಿತ್ತು. ಅದರಲ್ಲಿದ್ದವರು ಇಬ್ಬರು. ಕಲಿಯುತ್ತಿದ್ದ ಹುಡುಗಿಯನ್ನು ನಾರಾಯಣಮ್ಮನೂ ಆಳುಗಳೂ ಆಗಲೇ ಎಳೆದು ಹುಳು ಸಾಕುವ ಮನೆಯ ಜಗುಲಿಯ ಮೇಲೆ ಮಲಗಿಸಿದ್ದರು, ಎಚ್ಚರವಿರಲಿಲ್ಲ. ಕಲಿಸುವ ಗುರು ಬಲಗಡೆಯ ಸೀಟಿನಲ್ಲೇ ಇದ್ದರು. ಬೆಲ್ಟು ಹಾಕಿದಂತೇ ಇತ್ತು, ಕಣ್ಣು ತೆರೆದೇ ಇತ್ತು, ಮೈಮೇಲೆ ಗಾಯ ಕಾಣಲಿಲ್ಲ. ನಮ್ಮ ದಾರಿಯನ್ನೇ ನೋಡುತ್ತ ಕೂತಂತಿದ್ದರು.

ಮತ್ತು ಯಾರೋ ಮಾತಾಡುತ್ತಿದ್ದರು.

ಅವರ ಕುತ್ತಿಗೆಗೆ ಜಾರಿದ್ದ ಹೆಡ್‌ಫೋನಿನಿಂದ ಒಂದು ಹೆಣ್ಣು ಧ್ವನಿ ಇಂಗ್ಲಿಷಿನಲ್ಲಿ ಅದೇ ನಾಲ್ಕು ಮಾತು ಹೇಳುತ್ತಿತ್ತು, ನಿಲ್ಲಿಸುತ್ತಿತ್ತು, ಉತ್ತರಕ್ಕೆ ಕಾಯುತ್ತಿತ್ತು, ಮತ್ತೆ ಹೇಳುತ್ತಿತ್ತು. ತಲೆ ಎತ್ತಿದರೆ ಇನ್ನೊಂದು ಸಣ್ಣ ವಿಮಾನ ನಮ್ಮ ಮೇಲೆ ಸುತ್ತು ಹಾಕುತ್ತಿತ್ತು. ಅದರೊಳಗಿಂದ ಇವರನ್ನು ಕರೆಯುತ್ತಿದ್ದರು. ನಾನು ಬಾಗಿ ಅವರ ನಾಡಿ ಹಿಡಿದೆ. ಇರಲಿಲ್ಲ. ಅಷ್ಟರಲ್ಲಾಗಲೇ ಆ ಧ್ವನಿ ಮಾತಿನ ಮಧ್ಯದಲ್ಲೇ ನಿಂತಿತ್ತು. ಆ ಮನುಷ್ಯ ಹೋದದ್ದು ಆಕೆಗೆ ತಿಳಿದುಹೋಯಿತು ಎಂದೇ ಆಗ ನನಗೆ ಅನ್ನಿಸಿದ್ದು.

ಬಿಸಿಲೇರುತ್ತಿತ್ತು. ಆಂಬುಲೆನ್ಸ್ ಹುಡುಗಿಯನ್ನು ಕರೆದೊಯ್ದ ಮೇಲೆ ಮಹಜರು ಬರೆಯಲು ನೆರಳು ಬೇಕೆಂದು ಹುಳುಮನೆಯೊಳಗೆ ಹೋದೆ. ನಾರಾಯಣಮ್ಮ ಬಾಗಿಲಲ್ಲೇ ತಡೆದು ಕೈಕಾಲು ತೊಳೆಸಿ ಒಳಗೆ ಬಿಟ್ಟರು. "ನಾಲ್ಕನೇ ಜ್ವರಕ್ಕೆ ಕೂತವೆ ಸಾರ್. ಜೋರಾಗಿ ಮಾತಾಡ್ಬೇಡಿ" ಎಂದರು. ರೇಷ್ಮೆ ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅವು ತಿನ್ನುವುದಿಲ್ಲ, ಹರಿಯುವುದಿಲ್ಲ, ತಲೆ ಎತ್ತಿ ಹಾಗೇ ಕೂತಿರುತ್ತವೆ. ಗೋಡೆಯಿಂದ ಗೋಡೆಗೆ ಹಂತ ಹಂತವಾಗಿ ಸಾವಿರಾರು ಬಿಳಿ ಹುಳುಗಳು ತಲೆ ಎತ್ತಿಕೊಂಡು ಅಲುಗಾಡದೆ ಕೂತಿದ್ದವು. ಆ ನಿಶ್ಶಬ್ದದಲ್ಲಿ ನನ್ನ ಪೆನ್ನಿನ ಸದ್ದು ನನಗೇ ಕೇಳುತ್ತಿತ್ತು. ಗಾಯಾಳುವನ್ನು ಹೊರತೆಗೆದದ್ದು ಬಿಟ್ಟರೆ ಯಾರೂ ಏನನ್ನೂ ಮುಟ್ಟಿಲ್ಲ ಎಂದು ಬರೆದೆ. ಊರಿನ ಇಬ್ಬರು ಗಂಡಸರು ಪಂಚರಾಗಿ ಸಹಿ ಹಾಕಿದರು. ಹೆಡ್‌ಫೋನಿನ ಧ್ವನಿಯನ್ನು ಬರೆಯಲಿಲ್ಲ. ಮಹಜರಿನಲ್ಲಿ ವಸ್ತುಗಳಿಗೆ ಜಾಗವಿದೆ, ಧ್ವನಿಗಿಲ್ಲ.

ಮನೆಗೆ ಬಂದು ಕೈ ತೊಳೆದಾಗ ಹೆಬ್ಬೆರಳಿನ ಒಳಗೆ ಒಂದು ಕೆಂಪು ಗೆರೆ ಉಳಿದಿತ್ತು. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ರಕ್ತ ಎಂದುಕೊಂಡೆ. ಸತ್ತವರ ಮೈಮೇಲೆ ರಕ್ತವೇ ಇರಲಿಲ್ಲವಲ್ಲ ಎಂದು ಮಲಗಿದ ಮೇಲೆ ಹೊಳೆಯಿತು, ಅಲ್ಲಿಗೆ ನಿದ್ದೆಯೂ ಹೋಯಿತು. ಎರಡು ದಿನ ಆ ಗೆರೆ ಹಾಗೇ ಇತ್ತು.

ವಿಮಾನ ಇಲಾಖೆಯ ತನಿಖಾಧಿಕಾರಿ ಮಾರನೆಯ ದಿನ ಬಂದು ಮೊದಲು ಕೇಳಿದ್ದೇ, ಯಾರಾದರೂ ಒಳಗೆ ಏನಾದರೂ ಮುಟ್ಟಿದಿರಾ ಎಂದು. ಎಲ್ಲರೂ ಇಲ್ಲ ಎಂದರು. ನಾನೂ ಅಂದೆ. ಸುಳ್ಳು ಹೇಳಲಿಲ್ಲ, ಮುಟ್ಟಿಲ್ಲವೆಂದೇ ನಂಬಿದ್ದೆ. ಎರಡು ಸೀಟಿನ ನಡುವೆ ನೆಲದಲ್ಲಿದ್ದ ಒಂದು ಕೆಂಪು ಹಿಡಿಯ ಫೋಟೋವನ್ನು ಅವರು ಬಹಳ ಹೊತ್ತು ತೆಗೆದರು.

ಏಳೆಂಟು ವಾರ ಕಳೆದ ಮೇಲೆ ಹೇಳಿಕೆಗೆ ಕರೆದರು. ಆ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಆ ಹುಡುಗಿ ಕೂತಿದ್ದಳು. ಮೈತ್ರಿ ಎಂದು ಹೆಸರು, ಚಿಂತಾಮಣಿಯವಳು. ಜೊತೆಗಿದ್ದ ಅವಳ ತಂದೆ, ಹೈಸ್ಕೂಲು ಮೇಷ್ಟ್ರು, ನನಗೆ ವಿಷಯ ಬಿಡಿಸಿ ಹೇಳಿದರು. ಆ ದಿನ ಅವರು ಮಾಡುತ್ತಿದ್ದದ್ದು, ಎಂಜಿನ್ ಕೈಕೊಟ್ಟರೆ ಏನು ಮಾಡಬೇಕೆಂಬ ಪಾಠ. ಗುರು ಎಂಜಿನ್ನಿನ ವೇಗ ತಗ್ಗಿಸುತ್ತಾರೆ. ಶಿಷ್ಯೆ ಇಳಿಯಲು ಜಾಗ ಹುಡುಕುತ್ತ, ಪೆಟ್ರೋಲ್ ಮುಚ್ಚುವ ಕೆಂಪು ಹಿಡಿ, ಕರೆಂಟಿನ ಸ್ವಿಚ್ಚು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಬಾಯಲ್ಲಿ ಹೇಳಬೇಕು. ಮುಟ್ಟಬೇಕು, ತಿರುಗಿಸಬಾರದು. ಬಿದ್ದ ವಿಮಾನದಲ್ಲಿ ಹಿಡಿ ಮುಚ್ಚಿತ್ತು, ಸ್ವಿಚ್ಚೂ ಆರಿತ್ತು. ಹುಡುಗಿಗೆ ಕೊನೆಯ ಐದು ನಿಮಿಷ ನೆನಪಿಲ್ಲ.

"ನಾನೇ ಮುಚ್ಚಿರ್ಬೇಕು ಸಾರ್" ಎಂದಳು ಮೈತ್ರಿ, ನನ್ನ ಕಡೆ ನೋಡದೆ. "ಮುಟ್ಟೋ ಬದ್ಲು ತಿರುಗ್ಸಿರ್ಬೇಕು. ಅವ್ರನ್ನ ನಾನೇ ಕೊಂದಿರೋದು."

ನಾನು ಒಳಗೆ ಹೋಗಿ, ಎಲ್ಲವೂ ಯಥಾಸ್ಥಿತಿಯಲ್ಲಿತ್ತು ಎಂದು ಹೇಳಿಕೆ ಕೊಟ್ಟು ಬಂದೆ. ಇದನ್ನು ಬರೆಯುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅದಾಗಿ ವಾರದೊಳಗೆ ಒಂದು ಮಧ್ಯಾಹ್ನ ಊಟಕ್ಕೆ ಕೂತರೆ ಅನ್ನ ಅರ್ಧ ಬೆಂದಿತ್ತು. ಈ ಸಿಲಿಂಡರೇ ಸರಿಯಿಲ್ಲ, ಪದೇ ಪದೇ ಆರುತ್ತದೆ ಎಂದು ನಾನು ಏಜೆನ್ಸಿಯವರನ್ನು ಬೈಯಲು ಶುರುಮಾಡಿದೆ. ನನ್ನ ಹೆಂಡತಿ ಸರೋಜಾ ಸೌಟು ಕೆಳಗಿಟ್ಟಳು.

"ಸಿಲಿಂಡರ್ ಸರಿಯಾಗೇ ಇದೆ. ಆಫ್ ಮಾಡೋರು ನೀವು. ನೀರು ಕುಡಿಯೋಕೆ ಒಳಗೆ ಬರ್ತೀರಿ, ಹೋಗ್ತಾ ತಿರುಗ್ಸಿ ಹೋಗ್ತೀರಿ. ಎಷ್ಟು ವರ್ಷದಿಂದ ನೋಡ್ತಿದ್ದೀನಿ."

ತಮಾಷೆ ಮಾಡಬೇಡ ಎಂದೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ಮೊದಮೊದಲು ಹೇಳಿದ್ದಳಂತೆ, ನಾನು ಒಪ್ಪದೆ ಜಗಳವಾಡಿದ್ದೆನಂತೆ, ಆಮೇಲೆ ಸುಮ್ಮನೆ ಮತ್ತೆ ಹಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಳಂತೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎಲೆಯ ಮುಂದೆ ಕೂತು ನನ್ನ ಬಲಗೈ ನೋಡಿಕೊಂಡೆ. ಅದರಲ್ಲಿ ಏನೂ ಇರಲಿಲ್ಲ. ಕೆಂಪು ಗೆರೆ ಮಾಸಿ ಎಷ್ಟೋ ದಿನವಾಗಿತ್ತು. ಪೆಟ್ರೋಲ್ ಸೋಕಿದರೆ ಹಿಡಿಯ ಕೆಂಪು ಬಣ್ಣ ಕೈಗೆ ಹತ್ತುತ್ತದೆ ಎಂಬುದು ಆಗ ಹೊಳೆಯಿತು.

ಊಟ ಬಿಟ್ಟು ಎದ್ದು ನಾರಾಯಣಮ್ಮನ ತೋಟಕ್ಕೆ ಹೋದೆ. ಆಕೆ ಮುರಿದ ಗಿಡಗಳ ಜಾಗದಲ್ಲಿ ಹೊಸ ಕಡ್ಡಿ ನೆಡಿಸುತ್ತಿದ್ದರು. ನಾನು ಒಳಗೆ ಬಾಗಿದಾಗ ಏನು ಮಾಡಿದೆನೆಂದು ನಿಮಗೆ ಕಂಡಿತ್ತೇ ಎಂದು ಕೇಳಿದೆ.

"ಕಾಣ್ದೆ ಏನಪ್ಪ. ನಿಮ್ಮ ಪಕ್ಕದಲ್ಲೇ ನಿಂತಿದ್ನಲ್ಲ" ಎಂದರು. "ಕೆಂಪು ಹಿಡಿ ತಿರುಗ್ಸಿದ್ರಿ. ಆಮೇಲೆ ಮುಂದ್ಗಡೆ ಸ್ವಿಚ್ ಒತ್ತಿದ್ರಿ. ಅದ್ರಲ್ಲಿ ಮಾತಾಡ್ತಿದ್ಳಲ್ಲ, ಆಯಮ್ಮ ನಿಂತೋದ್ಳು. ಆಮೇಲೆ ನೀವು ಅವ್ರ ಕೈ ಹಿಡಿದ್ರಿ."

ಆ ಧ್ವನಿ ತಾನಾಗಿ ನಿಂತಿರಲಿಲ್ಲ. ಮೊದಲು ಕಾಕ್, ಆಮೇಲೆ ಕೀ, ಆಮೇಲೆ ಮನುಷ್ಯ. ವೆಂಕಟರಾಯಪ್ಪನವರು ಕಲಿಸಿದ ಕ್ರಮದಲ್ಲಿ ಒಂದೂ ತಪ್ಪಿರಲಿಲ್ಲ. ಹುಡುಗಿ ಆಕಾಶದಲ್ಲೇ ಸ್ವಿಚ್ಚು ಆರಿಸಿದ್ದರೆ ನೆಲದ ಮೇಲೆ ಆ ಧ್ವನಿ ಕೇಳುವಂತೆಯೇ ಇರಲಿಲ್ಲ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾರಾಯಣಮ್ಮನನ್ನು ಕೇಳಿದೆ. ಪೊಲೀಸಿನವರು ಹಾಗೇ ಮಾಡುತ್ತಾರೇನೋ ಅಂದುಕೊಂಡೆ, ನನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದರು. ಅಕ್ಕನ ಮಗಳಿಗೆ ನಾನು ಹೇಳಬೇಕಾದ ಮಾತು ಇದೇ. ಯಾರೂ ಮುಟ್ಟಿಲ್ಲ ಎಂದು ಬರೆಯುವ ಮುಂಚೆ, ನನ್ನ ಕೈ ಏನು ಮಾಡಿತು ಎಂದು ಪಕ್ಕದಲ್ಲಿ ನಿಂತವರನ್ನು ಕೇಳಬೇಕು. ಸಹಿ ಹಾಕಿದವರನ್ನಲ್ಲ, ನಿಂತವರನ್ನು.

ಬರುವಾಗ ದಾರಿಯಲ್ಲಿ ಬೈಕ್ ನಿಲ್ಲಿಸಿ ಒಂದು ಹುಣಸೆ ಮರದ ಕೆಳಗೆ ಬಹಳ ಹೊತ್ತು ಕೂತೆ. ಶಾರದಮ್ಮನ ಅಡುಗೆಮನೆ ಕಣ್ಣ ಮುಂದೆ ಬಂದಿತ್ತು. ಮೊದಲು ಒಳಗೆ ಹೋದವನು ನಾನು. ಗೋಪಾಲನನ್ನು ಹುಡುಕಲು ಆಮೇಲೆ ಎಷ್ಟೋ ಕಡೆ ವಿಚಾರಿಸಿದೆ. ಇವತ್ತಿನವರೆಗೂ ಸಿಕ್ಕಿಲ್ಲ. ನಾನು ಬರೆದ ಮಹಜರುಗಳಲ್ಲಿ ಇನ್ನೆಷ್ಟರಲ್ಲಿ ನನ್ನ ಕೈ ನನಗಿಂತ ಮೊದಲು ಹೋಗಿ ಬಂದಿದೆಯೋ, ಆ ಯೋಚನೆ ಬಂದರೆ ಈಗಲೂ ಹಾಡುಹಗಲಿನಲ್ಲೇ ಭಯವಾಗುತ್ತದೆ.

ಇನ್‌ಸ್ಪೆಕ್ಟರಿಗೆ ಹೇಳಿದೆ. ಎರಡು ತಿಂಗಳಲ್ಲಿ ನಿವೃತ್ತರಾಗುವವರು ಸುಮ್ಮನಿರಿ ಎಂದರು, ಆಮೇಲೆ ಗದರಿದರು, ಕೊನೆಗೆ ಕೈಮುಗಿದರು. ನಾನು ತನಿಖಾಧಿಕಾರಿಯ ಮುಂದೆ ಹೋಗಿ ಬರೆದುಕೊಟ್ಟೆ. ನಾರಾಯಣಮ್ಮನೂ ಬಂದು ಹೇಳಿದರು. ಹಿಡಿಯನ್ನೂ ಸ್ವಿಚ್ಚನ್ನೂ ಲೆಕ್ಕದಿಂದ ಬಿಟ್ಟು ಎಂಜಿನ್ನನ್ನು ಮತ್ತೆ ಬಿಚ್ಚಿ ನೋಡುತ್ತೇವೆ ಎಂದರು ತನಿಖಾಧಿಕಾರಿ. ಎಂಜಿನ್ ಯಾಕೆ ನಿಂತಿತು ಎಂಬುದು ನನಗೆ ಇನ್ನೂ ಗೊತ್ತಿಲ್ಲ. ನನ್ನ ಮೇಲೆ ಇಲಾಖೆಯ ನೋಟಿಸು ಬಂತು, ಬೀಳ್ಕೊಡುಗೆಯಲ್ಲಿ ಹಾರದ ಜೊತೆ ಅದೂ ಇತ್ತು. ಅದಕ್ಕೆ ನನಗೆ ಬೇಸರವಿಲ್ಲ.

ಬೇಸರವಾದದ್ದು, ಮೈತ್ರಿ ನಂಬಲಿಲ್ಲವೆಂದು ಮೇಷ್ಟ್ರು ಫೋನಿನಲ್ಲಿ ಹೇಳಿದಾಗ. ಹಿಡಿ ಮುಚ್ಚಿದ್ದು ನಾನೇ ಎಂದು ತನಿಖಾ ಕಚೇರಿಯಿಂದ ಕಾಗದ ಬಂದರೂ ಅವಳು ಅದನ್ನು ಪಕ್ಕಕ್ಕಿಟ್ಟಳಂತೆ. ಊಟ ಸರಿಯಿಲ್ಲ, ಮಾತಿಲ್ಲ, ಗುರುಗಳ ಮನೆಗೆ ಹೋಗಿ ಅವರ ಹೆಂಡತಿಯ ಮುಖ ನೋಡಲು ಧೈರ್ಯವಿಲ್ಲ. ಆ ದಿನದಿಂದ ಒಂದು ತೊಟ್ಟು ಕಣ್ಣೀರು ಹಾಕಿಲ್ಲ ಸಾರ್, ಅದೇ ನಮಗೆ ಹೆದರಿಕೆ ಎಂದರು ಮೇಷ್ಟ್ರು.

ನಿವೃತ್ತನಾದ ಮೇಲೆ ಒಂದು ಭಾನುವಾರ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆ. ಸಣ್ಣ ಅಚ್ಚುಕಟ್ಟಾದ ಮನೆ, ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ. ಮೈತ್ರಿಯ ತಾಯಿ ಕಾಫಿಗೆ ಹಾಲು ಇಟ್ಟು ಬಂದು, ಬಸ್ಸಿನಲ್ಲಿ ಬಂದಿದ್ದೀರಿ, ಅಡುಗೆಮನೆ ಹಿಂದೆ ನಲ್ಲಿ ಇದೆ, ಕೈಕಾಲು ತೊಳೆದುಕೊಳ್ಳಿ ಎಂದರು. ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತೆ. ಮೂವರೂ ನನ್ನ ಎದುರಿಗೆ ಕೂತಿದ್ದರು. ಸ್ಕೂಟರಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಮೈತ್ರಿ ಕೊನೆಯವರೆಗೂ ಕೇಳಿಸಿಕೊಂಡಳು.

"ಸಾರ್, ಹಿಡಿ ತಿರುಗ್ಸಿದ್ದು ನಿಮಗೆ ನೆನಪಿದ್ಯಾ?"

"ಇಲ್ಲಮ್ಮ. ಈಗ್ಲೂ ನೆನಪಿಲ್ಲ."

"ನನಗೂ ನೆನಪಿಲ್ಲ. ಇಬ್ರಿಗೂ ನೆನಪಿಲ್ಲ ಅಂದ್ಮೇಲೆ ನಿಮ್ಮ ಕೈ ಅಂತ ಹೆಂಗೆ ನಂಬ್ಲಿ?" ಎಂದಳು. "ನಿಮಗೆ ನನ್ನ ಮೇಲೆ ಕನಿಕರ. ಆಯಮ್ಮಂಗೂ ಕನಿಕರ. ದೊಡ್ಡೋರು ಸೇರ್ಕೊಂಡು ಒಂದು ಸುಳ್ಳು ಹೇಳ್ತಿದ್ದೀರಿ."

ಇಷ್ಟು ವರ್ಷ ಜನರ ಬಾಯಿ ಬಿಡಿಸಿದವನು ಒಂದು ಹುಡುಗಿಯ ಮುಂದೆ ಬಾಯಿ ಕಟ್ಟಿ ಕೂತೆ. ಕಾಫಿಗೆ ತಡವಾಯಿತೆಂದು ತಾಯಿ ಎದ್ದು ಒಳಗೆ ಹೋದರು. ಆಮೇಲೆ ಬಾಗಿಲಿಗೆ ಬಂದು ನಿಂತರು.

"ಏನ್ರೀ, ಒಲೆ ಆಫ್ ಮಾಡಿದ್ರಾ? ಹಾಲು ತಣ್ಣಗೇ ಇದೆ. ಕೆಳಗೆ ಸಿಲಿಂಡರಿಂದೂ ಮುಚ್ಚಿದೆ."

ಮೇಷ್ಟ್ರು ತಾವು ಎದ್ದೇ ಇಲ್ಲ ಎಂದರು. ಮೈತ್ರಿಯೂ ಎದ್ದಿರಲಿಲ್ಲ. ಮೂವರೂ ನನ್ನ ಕಡೆ ತಿರುಗಿದರು. ನನ್ನ ಬಲಗೈ ತೊಡೆಯ ಮೇಲೆ ಇತ್ತು. ನಲ್ಲಿ ನೆನಪಿತ್ತು, ನೀರು ನೆನಪಿತ್ತು. ಒಲೆ ನೆನಪಿರಲಿಲ್ಲ.

ಮೈತ್ರಿ ಎದ್ದು ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಆ ಕೈಯನ್ನು ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ. ಆಮೇಲೆ ತನ್ನ ಗುರುವಿನ ಹೆಸರು ಹಿಡಿದು ಅಳಲು ಶುರುಮಾಡಿದಳು. ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟು ಅಳಲಿ ಬಿಡಿ ಎಂದರು. ಒಲೆಯನ್ನು ಮತ್ತೆ ಹಚ್ಚಲು ಯಾರೂ ಏಳಲಿಲ್ಲ.